ಬೋಳುತಲೆಗೊಂದು ಜಾಗ

ವ್ಲಾಸ್ತಾ ಹ್ರುಬೆಶೊವಾ ಮೂವತ್ತೊಂದು ವರ್ಷ ಊರಿಗೆ ಅಂಚೆ ಹಂಚಿದವಳು. ನಿವೃತ್ತಿಯಾದ ಮೇಲೂ ಅವಳ ಸೋಮವಾರಗಳು ಊರಿಗೇ ಮೀಸಲು. ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ, ಭೂತಗನ್ನಡಿ ಇಟ್ಟುಕೊಂಡು ಕೂರುತ್ತಿದ್ದಳು. ಜನ ಕಾಡಿನಿಂದ ಕಿತ್ತ ಅಣಬೆಗಳನ್ನು ಬುಟ್ಟಿಯಲ್ಲಿ ತಂದು ಸುರಿಯುತ್ತಿದ್ದರು. ಇದು ತಿನ್ನಬಹುದು, ಇದನ್ನು ಬಿಸಾಡು, ಇದನ್ನು ತಿಂದರೆ ನಿನ್ನ ಹೆಂಡತಿ ಕರಿಬಟ್ಟೆ ಹೊಲಿಸಬೇಕಾಗುತ್ತದೆ ಎಂದು ಅವಳು ಹೇಳುತ್ತಿದ್ದಳು. ಈ ಕೆಲಸಕ್ಕೆ ಸಂಬಳವಿಲ್ಲ. ಯಾರಾದರೂ ಗಸಗಸೆ ಬನ್ನು ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಮೇಜಿನ ಮುಂದೆ ಕೂತು ಅವಳು ಒಮ್ಮೆಯೂ ಸುಳ್ಳು ಹೇಳಿದವಳಲ್ಲ. ಮೇಜು ಮೊದಲು ಅವಳ ಅಪ್ಪನದು. ಶಾಲೆ ಮಾಸ್ತರನಾಗಿದ್ದ ಅಪ್ಪ ಅವಳಿಗೆ ಎರಡೇ ನಿಯಮ ಕಲಿಸಿದ್ದ. ಬುಟ್ಟಿಯಲ್ಲಿ ಏನಿದೆಯೋ ಅದನ್ನೇ ಹೇಳು. ಎಲ್ಲಿ ಸಿಕ್ಕಿತು ಎಂದು ಕೇಳಬೇಡ, ನಿನ್ನದನ್ನೂ ಹೇಳಬೇಡ. ಸಾಜವಾ ನದಿಯ ದಂಡೆಯಲ್ಲಿ ಎರಡನೆಯ ನಿಯಮವನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಇಲ್ಲಿ ಗಂಡ ಹೆಂಡತಿಯರು ಒಂದೇ ಹಾಸಿಗೆಯಲ್ಲಿ ನಲವತ್ತು ವರ್ಷ ಮಲಗಿಯೂ ತಮ್ಮ ತಮ್ಮ ಅಣಬೆ ಜಾಗ ಬಾಯಿಬಿಡದೆ ಸತ್ತಿದ್ದಾರೆ.

ಅಪ್ಪ ಕಂಡುಹಿಡಿದ ಅಣಬೆಯೊಂದಿತ್ತು. ಜನ ಅದನ್ನು ಬೋಳುತಲೆ ಎನ್ನುತ್ತಾರೆ. ಕೊಳೆತ ಮರದ ಮೇಲೆ ಚಳಿ ಬಿದ್ದ ಮೇಲೆ ಏಳುವ ಚಿಕ್ಕ ಅಣಬೆ ಅದು. ಬಿಳಿ ಕಾಲು, ಜೇನು ಬಣ್ಣದ ತಲೆ, ಬೆರಳು ತಾಗಿದರೆ ನೀಲಿ. ತಿಂದರೆ ತಲೆ ತಿರುಗಿ ಗೋಡೆಗಳು ಉಸಿರಾಡುತ್ತವಂತೆ. ಅಪ್ಪನಾಗಲಿ ಅವಳಾಗಲಿ ಒಂದು ದಿನವೂ ಬಾಯಿಗೆ ಹಾಕಿದವರಲ್ಲ. ಅಪ್ಪನಿಗೆ ಅದು ತಾನು ಕಂಡ ಅಣಬೆ, ಅಷ್ಟೇ. ನಿಂಬುರ್ಕ್ ಹಳ್ಳದ ನೀರಂಚಿನಲ್ಲಿ ಬೆಳೆಯುವ ಆಲ್ಡರ್ ಮರಗಳ ಕೆಳಗೆ ಮೊದಲ ಸಲ ಅದನ್ನು ನೋಡಿದಾಗ ಮಂಡಿಯೂರಿ ಕೂತು, ಏಳು ವರ್ಷದ ಮಗಳಿಂದ ನೋಟ್‌ಬುಕ್ಕಿನಲ್ಲಿ ತಾರೀಖು ಬರೆಸಿದ್ದ. ತಾರೀಖು, ಮರ, ಹವೆ. ಜಾಗದ ಅಂಕಣ ಖಾಲಿ. ಆ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಜಾಗದ ಅಂಕಣ ಖಾಲಿಯೇ. ಸುತ್ತಮುತ್ತ ಬೇರೆಲ್ಲೂ ಆ ಅಣಬೆ ಅವರಿಬ್ಬರ ಕಣ್ಣಿಗೆ ಬಿದ್ದಿರಲಿಲ್ಲ.

ಐದು ವರ್ಷದ ಹಿಂದೆ ನಿಂಬುರ್ಕ್ ಹಳ್ಳಕ್ಕೆ ಒಡ್ಡು ಕಟ್ಟಿ ಕೆರೆ ಮಾಡುತ್ತೇವೆ ಎಂದು ಪುರಸಭೆ ಸಭೆ ಕರೆಯಿತು. ಮೇಯರ್ ಲುಬೋರ್ ಶ್ಕ್ವೋರ್ ನಕ್ಷೆ ತೂಗುಹಾಕಿ, "ಆ ಹಳ್ಳದಲ್ಲಿ ಅಪರೂಪದ ಗಿಡ, ಪ್ರಾಣಿ, ಏನಾದ್ರೂ ಇದ್ರೆ ಈಗ್ಲೇ ಹೇಳಿ" ಎಂದು ಕೇಳಿದ. ಸಭಾಂಗಣದಲ್ಲಿ ಅರವತ್ತು ಜನರಿದ್ದರು, ಅರವತ್ತೂ ಅಣಬೆಯವರು. ಒಬ್ಬನೂ ಕೆಮ್ಮಲಿಲ್ಲ. ಹಳ್ಳದಲ್ಲಿ ಏನೋ ಇದೆ ಎಂದರೆ ಹಳ್ಳಕ್ಕೆ ಹೋಗುತ್ತೇನೆ ಎಂದು ಒಪ್ಪಿದ ಹಾಗೆ. ವ್ಲಾಸ್ತಾಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ಎಡಕ್ಕೆ ಕೂತಿದ್ದ ಪಕ್ಕದ ಮನೆಯ ಓತೀಲಿಯಾ ಅವಳ ಮುಖವನ್ನೇ ನೋಡುತ್ತಿದ್ದಳು. ವ್ಲಾಸ್ತಾ ಬಾಯಿ ಮುಚ್ಚಿಕೊಂಡಳು. ಆ ಎರಡು ನಿಮಿಷಕ್ಕಾಗಿ ಅವಳು ಆಮೇಲೆ ತನ್ನನ್ನು ತಾನು ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದಿಲ್ಲ.

ಬಾಯಿ ಬಿಡದಿದ್ದರೆ ಏನಾಯಿತು, ಕೈ ಇದೆಯಲ್ಲ ಎಂದು ಹಟ ಹಿಡಿದಳು. ನೀರು ತುಂಬುವ ಮೊದಲು ಬೋಳುತಲೆಗೆ ಬೇರೆ ಮನೆ ಮಾಡಿಕೊಡಬೇಕು. ಮೊದಲ ವರ್ಷ ಹಳ್ಳದಿಂದ ಒಂದು ಬುಟ್ಟಿ ಕೊಳೆತ ಕಟ್ಟಿಗೆ ತಂದು ತನ್ನ ತೋಟದ ಪೊದೆಯ ಕೆಳಗೆ ಹಾಕಿದಳು. ಆ ಬೇಸಿಗೆ ಅರವತ್ತು ದಿನ ಮಳೆಯಿಲ್ಲದೆ ಕಟ್ಟಿಗೆ ಒಣಗಿ ಪುಡಿಯಾಯಿತು. ಎರಡನೆಯ ವರ್ಷ ಬೇಲಿಯ ನೆರಳಿಗೆ ತಂದಳು. ಓತೀಲಿಯಾಳ ಕೋಳಿಗಳು ಬೇಲಿ ನುಸುಳಿ ಬಂದು ಎಲ್ಲವನ್ನೂ ಕೆದರಿ ಹಾಕಿದವು.

"ಅದೇನು ಕಟ್ಟಿಗೆಗೆ ನೀರು ಹಾಕ್ತಿದ್ದೀಯ ದಿನಾ?" ಎಂದು ಓತೀಲಿಯಾ ಬೇಲಿಯಾಚೆಯಿಂದ ಕೇಳಿದಳು. "ಚಿಗುರತ್ತೆ ಅಂತಾನಾ?"

"ನಿನ್ನ ಕೋಳಿ ಹೊಟ್ಟೇಲಿ ಚಿಗುರತ್ತೆ. ಮೊಟ್ಟೆ ಒಡೆದು ನೋಡ್ತಿರು."

"ಅಂಚೆ ಬಿಟ್ಟ ಮೇಲೆ ನಿನ್ನ ಬುದ್ಧಿಗೆ ವಿಳಾಸಾನೇ ಇಲ್ಲ ಕಣೆ."

ಮೂರನೆಯ ವರ್ಷ ಅಪ್ಪನ ಸಮಾಧಿಯ ಹಿಂದೆ ಇಟ್ಟಳು. ಸತ್ತವರ ಹಬ್ಬಕ್ಕೆ ಮುಂಚೆ ಸ್ಮಶಾನದ ಕಾವಲುಗಾರ ಎಲೆಗಳ ಜೊತೆ ಅದನ್ನೂ ಗುಡಿಸಿ ಸುಟ್ಟ. ಅದೇ ಚಳಿಗಾಲದಲ್ಲಿ ಹಳ್ಳದ ಆಲ್ಡರ್ ಮರಗಳನ್ನು ಕಡಿದರು. ವಸಂತಕ್ಕೆ ನೀರು ಬಿಟ್ಟರು. ಒಡ್ಡಿನ ಮೇಲೆ ನಿಂತು ನೋಡಿದ ವ್ಲಾಸ್ತಾಳಿಗೆ ಅಳು ಬರಲಿಲ್ಲ, ತನ್ನ ಮೇಲೇ ಸಿಟ್ಟು ಬಂತು. ಎಪ್ಪತ್ತಕ್ಕೆ ಇನ್ನೂ ಐದು ವರ್ಷವಿದೆ, ಎಲ್ಲಾದರೂ ಒಂದು ಎಳೆ ಉಳಿದಿರುತ್ತದೆ, ಹುಡುಕುತ್ತೇನೆ ಎಂದುಕೊಂಡಳು. ಎರಡು ಚಳಿಗಾಲ ನದಿಯ ಎರಡೂ ದಂಡೆಗಳ ಮೇಲೆ ಕೋಲೂರಿ ನಡೆದಳು. ಸಿಗಲಿಲ್ಲ.

ಈ ನವೆಂಬರಿನ ಮೂರನೆಯ ಸೋಮವಾರ ಮೇಯರ್ ಲುಬೋರನೇ ಗ್ರಂಥಾಲಯಕ್ಕೆ ಬಂದ. ಅವನ ಬಾಲ್ಯದ ಪರೀಕ್ಷೆ ಫಲಿತಾಂಶಗಳನ್ನೂ ಮೊದಲ ಪ್ರೇಮಪತ್ರಗಳನ್ನೂ ಅವನ ಮನೆಗೆ ಮುಟ್ಟಿಸಿದವಳು ಇವಳೇ. ಹೀಗಾಗಿ ಅವನು ಎಷ್ಟು ದೊಡ್ಡವನಾದರೂ ಅವಳೆದುರು ಟೋಪಿ ತೆಗೆದೇ ನಿಲ್ಲುತ್ತಿದ್ದ. ಕೈಯಲ್ಲಿ ಕಾಗದದ ಚೀಲವಿತ್ತು.

"ವ್ಲಾಸ್ತಕ್ಕ, ಇದೇನು ನೋಡಿ ಸ್ವಲ್ಪ. ಆಫೀಸಿನ ಮುಂದಿನ ಹೂವಿನ ಪಾತಿ ತುಂಬಾ ಎದ್ದಿದೆ. ನಮ್ಮ ಕಾರ್ಯದರ್ಶಿ ವಿಷ ಅಂತಾಳೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲೇ ಆಡ್ತಾರೆ."

ಅವಳು ಚೀಲ ಸುರಿದಳು. ಹನ್ನೊಂದು ಅಣಬೆ. ಬಿಳಿ ಕಾಲು, ಜೇನು ಬಣ್ಣದ ತಲೆ. ಅವನು ಹಿಡಿದಿದ್ದಲ್ಲೆಲ್ಲ ನೀಲಿ. ವ್ಲಾಸ್ತಾ ಭೂತಗನ್ನಡಿ ಎತ್ತಿಕೊಂಡಳು.

"ಪಾತಿಗೆ ಏನು ಹಾಕಿಸಿದ್ರಿ?"

"ಮರದ ಚಕ್ಕೆ. ನಿಂಬುರ್ಕ್ ಹಳ್ಳದ ಮರ ಕಡಿದ್ವಲ್ಲ, ಕೊಂಬೆ, ಬುಡ, ಕೊಳೆತಿದ್ದು ಎಲ್ಲಾ ಪುಡಿ ಮಾಡಿಸಿ ಹಾಕಿದ್ವಿ. ಕಳೆ ಬರಲ್ಲ ಅಂದ್ರು."

ಅವಳು ಮೂರು ವರ್ಷ ಬುಟ್ಟಿ ಹೊತ್ತು ಮಾಡಲಾಗದ್ದನ್ನು ಪುರಸಭೆ ಗೊತ್ತಿಲ್ಲದೆ ಆರು ಟ್ರಾಲಿಯಲ್ಲಿ ಮಾಡಿ ಮುಗಿಸಿತ್ತು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ಕಳೆ ಅಣಬೆ, ಏನೂ ಆಗಲ್ಲ, ಇರಲಿ ಬಿಡು ಅಂದರೆ ಮುಗಿಯಿತು. ಲುಬೋರ್ ನಂಬುತ್ತಾನೆ, ಊರೆಲ್ಲ ನಂಬುತ್ತದೆ. ಅಪ್ಪನ ಬೋಳುತಲೆ ಪುರಸಭೆಯ ಹೂವಿನ ಪಾತಿಯಲ್ಲಿ ರಾಜನ ಹಾಗೆ ಬಾಳುತ್ತದೆ.

ಅಷ್ಟರಲ್ಲಿ ಅವಳ ಬೆರಳು ಒಂಬತ್ತನೆಯ ಅಣಬೆಯ ಮೇಲೆ ನಿಂತಿತು. ಅದು ನೀಲಿಯಾಗಿರಲಿಲ್ಲ. ಕಾಲು ಕಂದು, ಮೇಲೆ ತೆಳು ಉಂಗುರ. ಇದರ ಹೆಸರು ಟೋಪಿ ಅಣಬೆ. ಅದೂ ಕೊಳೆತ ಮರದ ಮೇಲೇ ಬೆಳೆಯುತ್ತದೆ, ಬೋಳುತಲೆಯ ಪಕ್ಕದಲ್ಲೇ, ದಾಯಾದಿಯಂತೆ. ತಿಂದವನ ಪಿತ್ತಜನಕಾಂಗವನ್ನು ನಾಲ್ಕು ದಿನದಲ್ಲಿ ಕರಗಿಸಿಬಿಡುತ್ತದೆ. ಬೋಳುತಲೆ ಎದ್ದಿದೆ ಎಂಬ ಸುದ್ದಿ ಹಬ್ಬಿದರೆ ನಶೆಗಾಗಿ ಕಿತ್ತು ತಿನ್ನುವ ಕಾಲೇಜು ಹುಡುಗರು ಇದನ್ನೂ ಸೇರಿಸಿ ತಿನ್ನುತ್ತಾರೆ.

ವ್ಲಾಸ್ತಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಹತ್ತು ಬೋಳುತಲೆ. ನಶೆಯದು. ಒಂದು ಟೋಪಿ. ತಿಂದ್ರೆ ಸಾಯೋದು. ಇವತ್ತೇ ಪಾತಿ ಸುತ್ತ ಹಗ್ಗ ಕಟ್ಟಿಸು, ಕಾವಲಿಗೆ ಒಬ್ಬನ್ನ ನಿಲ್ಲಿಸು. ಪಾತಿ ಪೂರ್ತಿ ತೆಗೀಬೇಕು."

ಲುಬೋರನ ಮುಖ ಇಳಿಯಿತು. "ಒಳ್ಳೇದಾಯ್ತು ಕೇಳಿದ್ದು. ನಾಳೆ ಬೆಳಿಗ್ಗೇನೇ ಎಲ್ಲಾ ಎತ್ತಿಸಿ ಊರ ಬಾಯ್ಲರಿಗೆ ಹಾಕಿಸ್ತೀನಿ. ಬೂದಿ ಆಗ್ಲಿ."

"ಸುಡಬೇಡ."

"ಯಾಕೆ? ಹೊಗೆಗೆ ಊರೆಲ್ಲಾ ತೇಲಾಡತ್ತಾ?"

"ತಮಾಷೆ ಬೇಡ ಲುಬೋರಾ, ಕೂತ್ಕೋ."

ಅವನು ಕೂತ. ಅವಳು ತನ್ನ ಕೈಚೀಲದಿಂದ ಅಪ್ಪನ ನೋಟ್‌ಬುಕ್ ತೆಗೆದು, ಅರವತ್ತು ವರ್ಷದ ಹಿಂದಿನ ಪುಟ ಬಿಡಿಸಿ ಅವನ ಮುಂದಿಟ್ಟಳು. ಡೊಂಕು ಅಕ್ಷರದ ತಾರೀಖು. ಅವನು ಓದಿ, ಜಾಗದ ಅಂಕಣದ ಮೇಲೆ ಬೆರಳಿಟ್ಟು, "ಖಾಲಿ" ಎಂದ.

"ನಿಂಬುರ್ಕ್ ಹಳ್ಳ. ನೀನು ಸಭೇಲಿ ಕೇಳ್ದಾಗ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಯಾಕಕ್ಕ?"

"ಯಾಕೆ ಅಂತ ನಿನಗೆ ಗೊತ್ತಿಲ್ವಾ?"

ಲುಬೋರ್ ನಿಟ್ಟುಸಿರು ಬಿಟ್ಟ. ಅವನೂ ಇದೇ ಊರಿನವನು. "ಈಗ ಏನು ಮಾಡು ಅಂತೀರಿ? ಬೆಳೆಸೋಕೆ ಕಾನೂನು ಬಿಡಲ್ಲ. ಪುರಸಭೆನೇ ನಶೆ ಅಣಬೆ ತೋಟ ಮಾಡ್ತು ಅಂತ ಪತ್ರಿಕೇಲಿ ಬಂದ್ರೆ ನಾನು ಹೆಂಡ್ತಿಗೂ ಮುಖ ತೋರಿಸೋ ಹಾಗಿಲ್ಲ."

"ಬೆಳೆಸು ಅಂತ ಯಾರು ಹೇಳಿದ್ರು? ಹಳ್ಳದಿಂದ ತಂದ ಕಸ, ಹಳ್ಳದಂಥ ಇನ್ನೊಂದು ಜಾಗಕ್ಕೆ ವಾಪಸ್ ಸುರಿ. ಜನ ಓಡಾಡದ ಜಾಗಕ್ಕೆ."

"ಅಂಥ ಜಾಗ ಎಲ್ಲಿದೆ?"

ವ್ಲಾಸ್ತಾಳಿಗೆ ಗೊತ್ತಿದ್ದ ಅಂಥ ಜಾಗ ಒಂದೇ ಇತ್ತು. ಹಳೇ ಗಿರಣಿಯ ಕೆಳಗೆ, ಮುಳ್ಳುಪೊದೆ ದಾಟಿ, ನಾಲೆ ಎರಡಾಗಿ ಒಡೆಯುವಲ್ಲಿ ಎಂಟು ಹತ್ತು ಆಲ್ಡರ್ ಮರಗಳು. ಏಪ್ರಿಲ್‌ನಲ್ಲಿ ಅಲ್ಲಿ ಗೂಡುತಲೆ ಅಣಬೆ ಏಳುತ್ತಿತ್ತು. ಜೇನುಗೂಡಿನಂತೆ ತೂತುತೂತು ತಲೆಯ ಆ ಅಣಬೆಯನ್ನು ಬೆಣ್ಣೆಯಲ್ಲಿ ಹುರಿದು ತಿಂದವರು ಆ ವರ್ಷ ಬೇರೇನೂ ಕೇಳುವುದಿಲ್ಲ. ಮೂವತ್ತು ವರ್ಷದಿಂದ ಅದು ಅವಳದು. ಮಗಳಿಗೂ ಹೇಳಿರಲಿಲ್ಲ. ಕಟ್ಟಿಗೆ ಹೊತ್ತು ಹೋದರೆ ಯಾರಾದರೂ ಬೆನ್ನುಹತ್ತಿ ಬರುತ್ತಾರೆಂದು ಬೋಳುತಲೆಯನ್ನೂ ಅಲ್ಲಿಗೆ ಒಯ್ದಿರಲಿಲ್ಲ. ಸಾಯುವ ಗಳಿಗೆಯಲ್ಲಿ ಹೇಳೋಣ, ಅದೂ ಮಗಳು ಚೆನ್ನಾಗಿ ನೋಡಿಕೊಂಡರೆ, ಎಂದುಕೊಂಡಿದ್ದಳು.

ಸಭಾಂಗಣದಲ್ಲಿ ಬಾಯಿ ಮುಚ್ಚಿಕೊಂಡ ಆ ಎರಡು ನಿಮಿಷ ನೆನಪಾಯಿತು. ಪೆನ್ಸಿಲ್ ತೆಗೆದುಕೊಂಡು ಪತ್ರಿಕೆಯ ಅಂಚಿನಲ್ಲಿ ಗೆರೆ ಎಳೆದಳು. "ಇದು ಗಿರಣಿ. ಇದು ಮುಳ್ಳು. ಇಲ್ಲಿ ನಾಲೆ ಒಡೆಯತ್ತೆ. ಇಲ್ಲಿ."

ಲುಬೋರ್ ಪತ್ರಿಕೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಯಿತು, ಆಮೇಲೆ ಕತ್ತು ಕೆಂಪಾಯಿತು.

"ಈ ಜಾಗ ನಿಮಗ್ಯಾರು ಹೇಳಿದ್ದು?"

"ಯಾರೂ ಇಲ್ಲ. ಮೂವತ್ತು ವರ್ಷದಿಂದ ಹೋಗ್ತಿದ್ದೀನಿ."

"ಹಾಗಾದ್ರೆ ಪ್ರತಿ ಏಪ್ರಿಲ್ ನನಗಿಂತ ಮುಂಚೆ ಬಂದು, ದೊಡ್ಡದೆಲ್ಲಾ ಕೊಯ್ದು, ಚಿಕ್ಕದು ಮಾತ್ರ ಬಿಡೋದು ನೀವಾ?"

ವ್ಲಾಸ್ತಾ ಅವನನ್ನು ನೋಡಿದಳು. "ಹಾಗಾದ್ರೆ ನಾನು ದೊಡ್ಡದಾಗ್ಲಿ ಅಂತ ಬಿಟ್ಟಿದ್ದನ್ನ ಒಂದು ವಾರದಲ್ಲಿ ಗುಡಿಸ್ಕೊಂಡು ಹೋಗೋದು ನೀನಾ?"

"ನನ್ನಮ್ಮ ತೋರಿಸಿದ ಜಾಗ ಅದು."

"ನಿನ್ನಮ್ಮನಿಗೆ ನಾನೇ ಪಿಂಚಣಿ ತಂದುಕೊಡ್ತಿದ್ದೆ. ಒಂದು ದಿನ ಬಾಯಿ ಬಿಡ್ಲಿಲ್ಲ ಆ ಯಮ್ಮ."

ಹೊರಗೆ ಬುಟ್ಟಿ ಹಿಡಿದು ಕಾಯುತ್ತಿದ್ದವರು ಬಾಗಿಲು ತಟ್ಟಿದರು. "ಇರ್ರೀ" ಎಂದು ಇಬ್ಬರೂ ಒಟ್ಟಿಗೆ ಗದರಿದರು.

"ಆ ವಿಷದ ಟೋಪೀನೂ ಅಲ್ಲಿಗೆ ಬರತ್ತಲ್ಲ" ಎಂದು ಲುಬೋರ್ ಕೊನೆಯ ಪಟ್ಟು ಹಾಕಿದ.

"ಅದು ಅಲ್ಲಿ ಮೊದಲಿಂದ್ಲೂ ಇದೆ. ಎಲ್ಲಾ ಕಾಡಲ್ಲೂ ಇದೆ. ಮಕ್ಕಳು ಆಡೋ ಕಡೆ ಇರಬಾರ್ದು, ಅಷ್ಟೇ."

"ಒಂದು ಕೇಳ್ತೀನಿ, ನಿಜ ಹೇಳಿ. ಅಲ್ಲಿ ಸುರಿದ್ರೆ ಈ ಬೋಳುತಲೆ ಸಾಯತ್ತಾ? ಸಾಯತ್ತೆ ಅಂದ್ರೆ ನನಗೆ ಕಣ್ಮುಚ್ಕೊಂಡು ಸಹಿ ಹಾಕೋಕೆ ಸುಲಭ."

ಸಾಯುತ್ತದೆ ಎಂದರೆ ಸಾಕು, ಕೆಲಸ ಆಗುತ್ತದೆ. ಅವನೇ ಬಾಗಿಲು ತೆರೆದು ಕೊಟ್ಟಿದ್ದಾನೆ. ವ್ಲಾಸ್ತಾ ಮೇಜಿನ ಮೇಲಿನ ಅಣಬೆಗಳನ್ನು ನೋಡಿದಳು.

"ಇಲ್ಲ. ಬದುಕತ್ತೆ ಅಂತಾನೇ ಅಲ್ಲಿಗೆ ಹಾಕು ಅಂತಿದ್ದೀನಿ."

ಲುಬೋರ್ ನೋಟ್‌ಬುಕ್ಕಿನ ಡೊಂಕು ಅಕ್ಷರಗಳನ್ನು ಮತ್ತೊಮ್ಮೆ ನೋಡಿದ. ತನ್ನ ಬೋಳು ತಲೆ ಸವರಿಕೊಂಡು ಎದ್ದು ಟೋಪಿ ಹಾಕಿಕೊಂಡ. "ಶನಿವಾರ" ಎಂದಷ್ಟೇ ಹೇಳಿ ಹೋದ. ಹತ್ತು ನಿಮಿಷದಲ್ಲಿ ಹೂವಿನ ಪಾತಿಗೆ ಹಗ್ಗ ಬಿತ್ತು.

ಶನಿವಾರ ಬೆಳಿಗ್ಗೆ ಊರು ಒಂದು ವಿಚಿತ್ರ ನೋಡಿತು. ಪುರಸಭೆಯ ಟ್ರ್ಯಾಕ್ಟರನ್ನು ಮೇಯರೇ ಓಡಿಸುತ್ತಿದ್ದ. ಚಾಲಕನಿಗೆ ರಜೆ ಕೊಟ್ಟಿದ್ದ. ಪಕ್ಕದ ಮಡ್‌ಗಾರ್ಡಿನ ಮೇಲೆ ನಿವೃತ್ತ ಅಂಚೆಯಾಕೆ ಸಲಿಕೆ ಹಿಡಿದು ಕೂತಿದ್ದಳು. ಎಲ್ಲಿಗೆ ಎಂದು ಓತೀಲಿಯಾ ಬೇಲಿಯಿಂದ ಕೂಗಿ ಕೇಳಿದಳು.

"ಕಸ ಹಾಕೋಕೆ" ಎಂದಳು ವ್ಲಾಸ್ತಾ.

"ಎಲ್ಲಿ?"

ಇಬ್ಬರೂ ಕೇಳಿಸದವರಂತೆ ಮುಂದೆ ನೋಡಿದರು. ಲುಬೋರ್ ಚರ್ಚಿನ ಸುತ್ತ ಎರಡು ಸುತ್ತು ಹಾಕಿ, ಸ್ಟೇಷನ್ ಕಡೆ ಹೋದ ಹಾಗೆ ಮಾಡಿ, ಹಿಂದೆ ಯಾರೂ ಬರುತ್ತಿಲ್ಲ ಎಂದು ಖಚಿತವಾದ ಮೇಲೆ ಗಿರಣಿಯ ದಾರಿ ಹಿಡಿದ. ಮುಳ್ಳಿನಾಚೆಗೆ ಟ್ರ್ಯಾಕ್ಟರ್ ಹೋಗುತ್ತಿರಲಿಲ್ಲ. ಆರು ಟ್ರಾಲಿ ಚಕ್ಕೆಯನ್ನು ಇಬ್ಬರೂ ಕೈಗಾಡಿಯಲ್ಲಿ ಎಳೆದರು. ಭಾನುವಾರವೂ ಎಳೆದರು. ಅವಳ ಸೊಂಟ ಹಿಡಿಯಿತು, ಅವನ ಕೈಗೆ ಬೊಬ್ಬೆ ಬಂತು. ಮಧ್ಯೆ ರಮ್ ಬೆರೆಸಿದ ಚಹಾ ಕುಡಿಯುತ್ತ, ಏಪ್ರಿಲ್‌ನಲ್ಲಿ ಬೆಸ ತಾರೀಖು ಅವಳದು, ಸಮ ತಾರೀಖು ಅವನದು ಎಂದು ಮಾತಾಯಿತು. ಎರಡು ದಿನದಲ್ಲಿ ಅವರು ಜಗಳವಾಡಿದ್ದು ಅದೊಂದಕ್ಕೇ.

ಮರುವರ್ಷ ನವೆಂಬರಿನಲ್ಲಿ ಏನೂ ಏಳಲಿಲ್ಲ. ಅದರ ಮುಂದಿನ ನವೆಂಬರಿನ ಹದಿನಾಲ್ಕಕ್ಕೆ, ರಾತ್ರಿ ಮಂಜು ಬಿದ್ದ ಮರುದಿನ, ವ್ಲಾಸ್ತಾ ಒಬ್ಬಳೇ ಮುಳ್ಳು ದಾಟಿ ಹೋಗಿ ಮಂಡಿಯೂರಿದಳು. ಆಲ್ಡರ್ ಎಲೆಗಳ ನಡುವೆ ಜೇನು ಬಣ್ಣದ ಏಳು ತಲೆಗಳಿದ್ದವು. ಒಂದನ್ನು ಬೆರಳಿನಿಂದ ಮುಟ್ಟಿದಳು. ನೀಲಿಯಾಗುವವರೆಗೆ ಕಾದಳು. ಕಾಯುವಷ್ಟರಲ್ಲಿ ಅವಳ ಕಣ್ಣು ತುಂಬಿ ನೀಲಿ ಕಾಣಿಸದೆ ಹೋಯಿತು, ಒರೆಸಿಕೊಂಡು ಮತ್ತೆ ನೋಡಿದಳು.

ಅಲ್ಲೇ ಕೂತು ಅಪ್ಪನ ನೋಟ್‌ಬುಕ್ ತೆಗೆದಳು. ತಾರೀಖು ಬರೆದಳು. ಮರ, ಆಲ್ಡರ್. ಹವೆ, ಮಂಜು. ಆಮೇಲೆ, ಅರವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ಜಾಗದ ಅಂಕಣದಲ್ಲಿ ಪೂರ್ತಿ ವಿಳಾಸ ಬರೆದಳು, ಅಂಚೆಯವರಿಗೂ ದಾರಿ ತಪ್ಪದಂತೆ.