ಮಟ್ಟಿಲ್ಲದ ಹಾಡು

ನಾಟಕ ಕಲಿಯಲು ಕೂತವರು ಹೊಸ ಹಾಡೊಂದು ಬಂದರೆ ಅದರ ಅರ್ಥ ಕೇಳುತ್ತಿರಲಿಲ್ಲ. "ಯಾವ ಮಟ್ಟು ಮೇಷ್ಟ್ರೇ?" ಎನ್ನುತ್ತಿದ್ದರು. ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಹೆಸರು ಹೇಳಿದರೆ ಸಾಕು, ಆ ಧಾಟಿಗೆ ಹೊಸ ಮಾತು ಕೂರಿಸಿಕೊಂಡು, ಗಾಡಿ ಹಳೇ ಜಾಡಿಗೆ ಬಿದ್ದ ಹಾಗೆ ಹೋಗಿಬಿಡುತ್ತಿದ್ದರು.

ಮೇಷ್ಟ್ರು ಮುತ್ತರಾಯಪ್ಪನದು ಹೊಸೂರಿನ ಹತ್ತಿರದ ಸಾನಮಾವಿನ ಕಾಡಿನಂಚಿನ ಊರು. ಮಳೆಗಾಲಕ್ಕೆ ರಾಗಿ ಬಿತ್ತುವುದು, ಕೊಯ್ಲು ಮುಗಿದ ಮೇಲೆ ಹಾರ್ಮೋನಿ ಪೆಟ್ಟಿಗೆ ಹೊತ್ತುಕೊಂಡು ಹಳ್ಳಿಹಳ್ಳಿಗೆ ಹೋಗಿ ನಾಟಕ ಕಲಿಸುವುದು, ಇದು ಅವನ ಬದುಕು. ಗುಮ್ಮಳಾಪುರದವರೆಗೂ ಅವನಿಗೆ ಶಿಷ್ಯರಿದ್ದರು. ಕಲಿಸಿದ ಹಾಡುಗಳೆಲ್ಲ ಕಂಪನಿ ನಾಟಕದವರ ಮಟ್ಟು, ಇಲ್ಲವೆ ತಮಿಳು ಟಾಕಿಯ ಮಟ್ಟು. ಅವನದೇ ಆದದ್ದು ಒಂದೇ ಒಂದಿತ್ತು.

ಅದು ಹುಟ್ಟಿದ್ದು ಅಟ್ಟಣೆಯ ಮೇಲೆ. ರಾಗಿ ತೆನೆಗಟ್ಟಿದರೆ ಕಾಡಿನಿಂದ ಆನೆ ಇಳಿಯುತ್ತದೆ. ಹೊಲಕ್ಕೊಂದು ಅಟ್ಟಣೆ ಕಟ್ಟಿ ಕಾಯಬೇಕು. ಒಬ್ಬನಿಗೆ ನಿದ್ದೆ ಹತ್ತದಿರಲೆಂದು ಇನ್ನೊಬ್ಬ ಕೂಗುವುದು ವಾಡಿಕೆ: "ಇದ್ದೀಯೇನ್ಲಾ..." ಕೂಗು ಮೊದಲು ತಗ್ಗಬೇಕು, ಆಮೇಲೆ ಏರಬೇಕು, ಏರಿದ ಮೇಲೆ ಉಸಿರಿರುವಷ್ಟೂ ಎಳೆಯಬೇಕು. ಎಳೆಯದಿದ್ದರೆ ಹಳ್ಳ ದಾಟಿ ಆಚೆ ಹೊಲ ಮುಟ್ಟುವುದಿಲ್ಲ. ಆ ಎಳೆತವನ್ನೇ ಹಿಡಿದು ಮುತ್ತರಾಯಪ್ಪ, ಕಾಡಿನಲ್ಲಿ ಗಂಡ ಬಿಟ್ಟುಹೋದ ದಮಯಂತಿಗೆ ಒಂದು ಹಾಡು ಕಟ್ಟಿದ್ದ. "ಇದ್ದೀಯ ನಳರಾಜ, ಇದ್ದರೊಂದು ದನಿಕೊಡೋ" ಎಂದು ಅದರ ಮೊದಲ ಸಾಲು.

ದಮಯಂತಿಯ ವೇಷ ಹಳ್ಳದಾಚೆ ಹೊಲದ ಬಚ್ಚಪ್ಪನದು. ಮೀಸೆ ಬೋಳಿಸಬೇಡಿರೆಂದು ಪ್ರತಿ ವರ್ಷ ಗೋಗರೆಯುತ್ತಿದ್ದ ಆಳು.

"ಇದ್ಯಾವ ಮಟ್ಟು ಮೇಷ್ಟ್ರೇ?"

"ಯಾವ್ದೂ ಇಲ್ಲ. ಇದೇ ಮಟ್ಟು."

"ಮಟ್ಟೇ ಇಲ್ದಂಗೆ ಹೆಂಗ್ ಹಾಡೋದು? ಮೀಸೆನೂ ಹೋಗಿ ಮಟ್ಟೂ ಹೋದ್ರೆ ನನ್ ಗತಿ ಏನು?" ಎಂದು ಬಚ್ಚಪ್ಪ ಎಲ್ಲರನ್ನೂ ನಗಿಸಿದ್ದ. ಆದರೆ ನಾಟಕದ ದಿನ ಅವನು ಅದನ್ನು ಹಾಡುವಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ಮುತ್ತರಾಯಪ್ಪ ಪೆಟ್ಟಿಗೆಯ ಹಿಂದೆ ಕೂತು ಅದನ್ನು ನೋಡಿದ್ದ. ಆವತ್ತಿನಿಂದ, ಇದೊಂದು ತನ್ನದೆಂದು ಜನಕ್ಕೆ ಗೊತ್ತಾಗಬೇಕು ಎನ್ನುವುದು ಅವನ ಎದೆಯೊಳಗೆ ಕೂತುಬಿಟ್ಟಿತು.

ಯುದ್ಧ ಮುಗಿದ ವರ್ಷ ಹೊಸೂರಿನ ವೆಂಕಟೇಶಪ್ಪ ಅವನನ್ನು ಕರೆಸಿದ. ಪೇಟೆಯಲ್ಲಿ ಅವನ ಗ್ರಾಮಫೋನ್ ಅಂಗಡಿ. ಪ್ಲೇಟು ಮಾಡುವ ಕಂಪನಿಯೊಂದಕ್ಕೆ ಹಾಡುವವರನ್ನು ಹುಡುಕಿಕೊಡುವುದೂ ಅವನ ಕೆಲಸ.

"ಪ್ಲೇಟಿಗೆ ಎರಡು ಮುಖ ಇರ್ತದೆ. ಒಂದು ಮುಖಕ್ಕೆ ಈಗ ಓಡ್ತಿರೋ ತಮಿಳು ಟಾಕಿ ಮಟ್ಟು, ಕನ್ನಡ ಮಾತು ಹಾಕಿ ಹಾಡು. ಇನ್ನೊಂದು ಮುಖಕ್ಕೆ ನಿನ್ ದಮಯಂತಿ."

"ಅವರ ಹಾಡು ಅವರೇ ಹಾಡವ್ರಲ್ಲಪ್ಪಾ. ಅದನ್ನ ನಾನ್ಯಾಕೆ ಹಾಡ್ಲಿ? ಎರಡೂ ನಂದೇ ಕಟ್ಟಿಕೊಡ್ತೀನಿ."

"ಜನ ಗೊತ್ತಿರೋದನ್ನ ಕೊಳ್ತಾರೆ ಕಣಯ್ಯ. ಗೊತ್ತಿಲ್ದೇ ಇರೋದನ್ನ ಬಿಟ್ಟಿ ಕೊಟ್ರೂ ವಾಸನೆ ನೋಡ್ತಾರೆ. ಮೊದಲ ಮುಖ ಹಾಡಿದ್ರೆ ಎರಡನೇ ಮುಖ. ಇಲ್ದಿದ್ರೆ ಎರಡೂ ಇಲ್ಲ."

ಮನೆಗೆ ಬಂದು ಹೇಳಿದಾಗ ಹೆಂಡತಿ ನರಸಮ್ಮ ಮುದ್ದೆ ತೊಳಸುತ್ತಿದ್ದಳು. "ಒಳ್ಳೇ ತರಕಾರಿ ಮೇಲಿಟ್ಟು ಕೊಳೆತಿದ್ದು ಅಡೀಗಾಕ್ತಾರೆ ಸಂತೇಲಿ. ನೀವು ಒಳ್ಳೇದನ್ನೇ ಅಡೀಗಾಕಿ ಮಾರಕ್ಕೆ ಹೊರಟಿದ್ದೀರಾ?" ಎಂದಳು. ಮುತ್ತರಾಯಪ್ಪ ಅಡಿಯಲ್ಲಾದರೂ ಇರುತ್ತದಲ್ಲ ಎಂದುಕೊಂಡ.

ಬೆಂಗಳೂರಿಗೆ ಹೊರಟ, ಇದ್ದಿಲು ಉರಿಸಿ ಓಡಿಸುವ ಬಸ್ಸು ಜೂಜುವಾಡಿಯ ಹತ್ತಿರ ನಿಂತಿತು. ಡ್ರೈವರು ಇಳಿದು ಒಲೆಗೆ ಗಾಳಿ ಹಾಕುವಷ್ಟು ಹೊತ್ತೂ ಮುತ್ತರಾಯಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಟಾಕಿ ಹಾಡನ್ನೇ ಗುನುಗುತ್ತಿದ್ದ. ಬೆಂಗಳೂರಿನಲ್ಲಿ ಕಂಪನಿಯವರು ಬಾಡಿಗೆಗೆ ಹಿಡಿದಿದ್ದ ಮನೆಯ ಕಿಟಕಿಗೆಲ್ಲ ಕಂಬಳಿ ಹೊಡೆದಿದ್ದರು. ಉಸಿರು ಕಟ್ಟುವ ಸೆಕೆ. ಮೊದಲ ಮುಖ ಹಾಡಿದ. ಕಂಪನಿಯವರು ತಲೆದೂಗಿದರು. ದಮಯಂತಿಯನ್ನು ಹಾಡುವಾಗ ಕಣ್ಣು ಮುಚ್ಚಿಕೊಂಡ.

ಪ್ಲೇಟಿನ ಮೇಲಿನ ಚೀಟಿಗೆಂದು ಬರೆದುಕೊಳ್ಳುತ್ತಿದ್ದ ಕನ್ನಡಕದವನು ತಲೆಯೆತ್ತಿದ. "ಇದು ಯಾವ ಮಟ್ಟು?"

"ಯಾವ್ದೂ ಇಲ್ಲ ಸ್ವಾಮಿ."

"ಮಟ್ಟು ಮಾಡಿದವರು ಯಾರು ಹಾಗಾದರೆ?"

ಇದಕ್ಕಾಗಿಯೇ ಅವನು ಇಷ್ಟು ದೂರ ಬಂದದ್ದು. ನಾನು ಎಂದರೆ ಮುಗಿಯುತ್ತಿತ್ತು. ಆದರೆ ಅವನಿಗೆ ಪೆಟ್ಟಿಗೆ ಕಲಿಸಿದ ಸೊಣ್ಣಪ್ಪನವರು, ನಾನು ಮಾಡಿದೆ ಎಂದವನ ಕೊರಳಲ್ಲಿ ಸ್ವರ ನಿಲ್ಲೋದಿಲ್ಲ ಎಂದು ಹೇಳಿ ಹೇಳಿ ಬೆಳೆಸಿದ್ದರು. ಅವರ ಶಿಷ್ಯರಲ್ಲಿ ಯಾರನ್ನಾದರೂ ಈ ಹಾಡು ಯಾರದೆಂದು ಕೇಳಿದರೆ ಬರುವ ಮಾತು ಒಂದೇ. ಆ ಮಾತಿನಲ್ಲೇ, ಹಾಡು ಇವನದೇ ಎಂದು ಕೇಳಿದವರು ತಿಳಿದುಕೊಳ್ಳುತ್ತಿದ್ದರು. ಮುತ್ತರಾಯಪ್ಪ ಕೈಮುಗಿದು ಅದನ್ನೇ ಹೇಳಿದ:

"ನಂದೇನೈತೆ ಸ್ವಾಮಿ. ಗುರುಗಳ ಕೃಪೆ, ಊರವರ ಪುಣ್ಯ."

ಕನ್ನಡಕದವನು "ಊರವರದು" ಎಂದುಕೊಳ್ಳುತ್ತಾ ಬರೆದುಕೊಂಡ.

ಪ್ಲೇಟು ಬಂತು. ಮೊದಲ ಮುಖದಲ್ಲಿ ಟಾಕಿ ಮಟ್ಟು, ಹಿಂದೆ ದಮಯಂತಿ. ಕೆಳಗೆ ಹಾಡಿದವರು ಮುತ್ತರಾಯಪ್ಪ, ಪಕ್ಕದಲ್ಲಿ "ಹಳ್ಳಿಯ ಮಟ್ಟು". ಅದನ್ನು ಅವನು ಓದಿಸಿಕೊಂಡ. ಹಾಡು ಕೇಳಿದವರು ವಿಚಾರಿಸೇ ವಿಚಾರಿಸುತ್ತಾರೆ, ಆಗ ಗೊತ್ತಾಗುತ್ತದೆ ಎಂದುಕೊಂಡ. ಆದರೆ ಹೊಸೂರಿನ ಹೋಟೆಲಿನಲ್ಲಿ ಹಾಕಿದ್ದು ಮೊದಲ ಮುಖವನ್ನೇ. ಒಮ್ಮೆ ಅವನು ಕಾಫಿ ಕುಡಿಯುತ್ತಾ, "ಅದನ್ನ ಒಂದ್ಸಲ ಮಗುಚಾಕಪ್ಪ" ಎಂದ. ಗಲ್ಲಾದ ಮೇಲಿದ್ದವನು, "ಆ ಕಡೆ ಯಾರೋ ಆನೆ ಓಡಿಸ್ತಾರೆ ಯಜಮಾನ್ರೇ, ಗಿರಾಕಿ ಎದ್ದೋಯ್ತಾರೆ," ಎಂದ. ಆ ಯಾರೋ ಎದುರಿಗೇ ಕೂತಿರುವುದು ಅವನಿಗೆ ತಿಳಿಯಲಿಲ್ಲ. ಮುತ್ತರಾಯಪ್ಪ ಲೋಟ ಕೆಳಗಿಟ್ಟು ಎದ್ದ.

ಮರುವರ್ಷ ಹೊಸೂರಿಗೆ ಟೂರಿಂಗ್ ಟಾಕೀಸು ಬಂತು. ಬಚ್ಚಪ್ಪ ಹೋಗಿಬಂದವನು ಹೊಲದ ಬದುವಿನಲ್ಲೇ ಕುಣಿದ. "ಮೇಷ್ಟ್ರೇ, ನಮ್ ದಮಯಂತಿ ಮಟ್ಟು ಟಾಕೀಲಿ ಬಂದೈತೆ!"

ಮುತ್ತರಾಯಪ್ಪ ಅಂದೇ ಹೋಗಿ ನೋಡಿದ. ಪರದೆಯ ಮೇಲೆ ಒಬ್ಬ ಗುಂಡಗಿನ ಹಾಸ್ಯಗಾರ ಸೈಕಲ್ ಮೇಲೆ ಕೂತು, ಬಾವಿಕಟ್ಟೆಯ ಹುಡುಗಿಯ ಸುತ್ತ ತಿರುಗುತ್ತಾ ತಮಿಳಿನಲ್ಲಿ ಹಾಡುತ್ತಿದ್ದ. ತಗ್ಗುವುದು, ಏರುವುದು ಎಲ್ಲ ಅದೇ. ಕೊನೆಯ ಎಳೆತವನ್ನು ಮಾತ್ರ ಕತ್ತರಿಸಿ, ಅಲ್ಲಿ ದನಿಗೊಂದು ಚಿಕ್ಕ ಕುಣಿತ ಸೇರಿಸಿದ್ದರು. ಕುಣಿತ ಬಂದಾಗಲೆಲ್ಲ ಸೈಕಲ್ ಗಂಟೆ ಹೊಡೆಯುತ್ತಿತ್ತು. ಡೇರೆಯ ತುಂಬ ಜನ ಬಿದ್ದುಬಿದ್ದು ನಕ್ಕರು.

ಬೆಳಿಗ್ಗೆ ವೆಂಕಟೇಶಪ್ಪನ ಅಂಗಡಿಗೆ ಹೋದ.

"ಅದು ನಂದು."

"ಚೀಟೀಲಿ ಹಳ್ಳಿ ಮಟ್ಟು ಅಂತೈತೆ. ಹಳ್ಳಿ ಮಟ್ಟು ಅಂದ್ರೆ ಕೆರೆ ನೀರಿದ್ದಂಗೆ, ಯಾರು ಬೇಕಾದ್ರೂ ಮೊಗೀಬೋದು. ನೀನೇ ಅಲ್ವೇನಯ್ಯಾ ಹಂಗೆ ಬರೆಸಿದ್ದು?"

"ನಾನಂದಿದ್ದು ಹಂಗಲ್ಲ. ಅದು... ಹಂಗನ್ನೋದು ಪದ್ಧತಿ."

"ನಿನ್ ಪದ್ಧತಿ ಕಂಪನಿಯೋರ್ಗೆ ಹೆಂಗಯ್ಯಾ ಗೊತ್ತಾಗ್ಬೇಕು?" ಎಂದ ವೆಂಕಟೇಶಪ್ಪ. ಅವನು ಕೆಟ್ಟ ಮನುಷ್ಯನಲ್ಲ. ಮುತ್ತರಾಯಪ್ಪನ ಮುಖ ನೋಡಿ ದನಿ ತಗ್ಗಿಸಿದ. "ಹೋಗ್ಲಿ ಬಿಡು. ಅವರ ಮಟ್ಟು ನೀನು ತಗೊಂಡು ಹಾಡ್ದೆ. ನಿನ್ ಮಟ್ಟು ಅವರು ತಗೊಂಡ್ರು. ಅವರು ನಿನ್ ಹತ್ರ ಬಂದು ಜಗಳ ಆಡಿದ್ರಾ?"

ಇದಕ್ಕೆ ಉತ್ತರವನ್ನು ಮುತ್ತರಾಯಪ್ಪ ದಾರಿಯುದ್ದಕ್ಕೂ ಹುಡುಕಿದ.

ಆ ಸಲದ ನಾಟಕಕ್ಕೆ ಹೊಸದಾಗಿ ಸೇರಿದವರು ದಮಯಂತಿಯ ಹಾಡು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸೈಕಲ್ ಹಾಡಿನ ಮಟ್ಟು! ಮೇಷ್ಟ್ರು ಟಾಕಿಯೋರ್ದನ್ನೂ ಬಿಟ್ಟಿಲ್ಲ," ಎಂದ ಒಬ್ಬ. ಬಚ್ಚಪ್ಪ, "ಏ, ಅದು ಮೊದ್ಲೇ ಮೇಷ್ಟ್ರು ಹೇಳ್ಕೊಟ್ಟಿದ್ದು ಕಣ್ಲಾ," ಎಂದ. ಆಮೇಲೆ ತಾನೇ ಅನುಮಾನಿಸಿ, "ಮೊದ್ಲೇ ಅಲ್ವಾ ಮೇಷ್ಟ್ರೇ?" ಎಂದು ಕೇಳಿದ. ನಾಟಕದ ದಿನ ಅವನು ಎಳೆತ ಬಿಟ್ಟು ಕುಣಿತ ಹಾಕಿದ. ಯಾರೋ ಬಾಯಲ್ಲಿ ಟ್ರಿಣ್ ಎಂದರು. ದಮಯಂತಿ ಅಳುತ್ತಿದ್ದಳು, ಜನ ನಗುತ್ತಿದ್ದರು.

ಮತ್ತೆ ರಾಗಿ ತೆನೆಗಟ್ಟಿತು. ನರಸಮ್ಮ ಸಂಜೆಗೆ ಮೊದಲೇ ಬುತ್ತಿ ತಂದುಕೊಟ್ಟು, "ಪೆಟ್ಟಿಗೆಗೆ ಇಲಿ ಬಿದ್ದೈತೆ, ನೋಡ್ಬಾರ್ದಾ?" ಎಂದಳು. "ನೋಡಾನ," ಎಂದ. ಅವಳು ಹೋದ ಮೇಲೆ ಅಟ್ಟಣೆ ಹತ್ತಿ ಕೂತ. ಕಾಡಿನ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ, ತಗ್ಗಿ, ಏರಿ, ಉಸಿರಿರುವಷ್ಟೂ ಎಳೆದು: "ಇದ್ದೀಯೇನ್ಲಾ..."

ಹಳ್ಳದಾಚೆಯಿಂದ ದನಿ ಬರಲಿಲ್ಲ. ಬಚ್ಚಪ್ಪ ಅಟ್ಟಣೆಯ ಮೇಲೆ ಬೀಡಿ ಹಚ್ಚುತ್ತಿರುವುದು ಕಾಣುತ್ತಿತ್ತು. ಮತ್ತೊಮ್ಮೆ ಕೂಗಿದ. ಬಚ್ಚಪ್ಪ ಕಾಡಿನ ಕಡೆ ಒಮ್ಮೆ ತಿರುಗಿ ನೋಡಿ, ಕೂಗಿದ್ದು ದೂರದ ಯಾವ ಊರಿನವರೋ ಎಂಬಂತೆ ಮತ್ತೆ ಬೀಡಿ ಎಳೆದ. ಸ್ವಲ್ಪ ಹೊತ್ತಿಗೆ ಅವನೇ ಎದ್ದು ನಿಂತು ಕೂಗಿದ. ಕೊನೆಯಲ್ಲಿ ಎಳೆತವಿಲ್ಲ, ಚಿಕ್ಕ ಕುಣಿತ. ಹಳ್ಳದ ಮೇಲೆ ಅದು ಅರ್ಧ ಒಡೆದು ಬಂತು.

ಕಾಡಿನಂಚಿನಲ್ಲಿ ಬಿದಿರು ಮುರಿದ ಸದ್ದಾಯಿತು. ಆನೆ ಇಳಿದಿತ್ತು, ಬಚ್ಚಪ್ಪನಿಗೆ ಹೇಳಲೇಬೇಕು. ಮುತ್ತರಾಯಪ್ಪ ಉಸಿರು ಎಳೆದುಕೊಂಡ. ತಗ್ಗಿದ, ಏರಿದ, ಕೊನೆಯಲ್ಲಿ ಕತ್ತರಿಸಿ ಕುಣಿತ ಹಾಕಿದ.

"ಹಾಂ! ಹಂಗೆ ಮೇಷ್ಟ್ರೇ!" ಆಚೆಯಿಂದ ನಗೆ ಬಂತು. "ಈಗ ಬಂತು ನೋಡಿ ಮಟ್ಟು!"