ಅಗಲ ಮೊದಲು, ಎತ್ತರ ಆಮೇಲೆ

ಕಿಟಕಿ ಅಳೆಯುವಾಗ ಅಗಲ ಮೊದಲು, ಎತ್ತರ ಆಮೇಲೆ. ಮಿಸೆಸ್ ಓಡೆಗಾರ್ಡ್ ಇದನ್ನು ವರ್ಷವಿಡೀ ಹೇಳಿ ಹೇಳಿ ಮಕ್ಕಳ ತಲೆ ಚಿಟ್ಟು ಹಿಡಿಸಿದ್ದರು. ಮಿನೆಸೋಟಾದ ಆ ಸಣ್ಣ ಊರಿನ ಹೈಸ್ಕೂಲಿನಲ್ಲಿ ಒಳಾಂಗಣ ವಿನ್ಯಾಸದ ಪಾಠಕ್ಕೆ ಸೇರುತ್ತಿದ್ದವರು ಹೆಚ್ಚಾಗಿ ಗಣಿತಕ್ಕೆ ಹೆದರಿ ಓಡಿಬಂದವರು. ಇಲ್ಲಿಯೂ ಅಳತೆ ಬೆನ್ನು ಬಿಡಲಿಲ್ಲವಲ್ಲ ಎಂದು ಗೊಣಗುತ್ತಿದ್ದರು. ಬ್ರಿಟಾ ಮಾತ್ರ ಗೊಣಗಲಿಲ್ಲ. ಏಪ್ರಿಲ್ ತಿಂಗಳ ಕೆಲಸವೆಂದರೆ ಅವರವರ ಮಲಗುವ ಕೋಣೆಯ ಕಿಟಕಿಯನ್ನು ಅಡಿಗೊಂದು ಇಂಚಿನ ಲೆಕ್ಕದಲ್ಲಿ ರಟ್ಟಿನಲ್ಲಿ ಕಟ್ಟಿ, ತಾವೇ ಯೋಚಿಸಿದ ಪರದೆಯನ್ನು ಅದಕ್ಕೆ ತೊಡಿಸಿ ತರುವುದು. ಬ್ರಿಟಾಳಿಗೆ ಮಲಗುವ ಕೋಣೆಗಳು ಎರಡು. ಒಂದು ಅಮ್ಮನ ಬಾಡಿಗೆ ಮನೆಯಲ್ಲಿ. ಇನ್ನೊಂದು, ಅಪ್ಪ ತನ್ನ ಹೊಸ ಹೆಂಡತಿ ಶೆಲ್ಬಿಯ ಜೊತೆ ಕೊಂಡ ಮನೆಯ ಮಹಡಿಯಲ್ಲಿ. ಅವಳು ಆರಿಸಿಕೊಂಡದ್ದು ಎರಡನೆಯದನ್ನು.

ಆ ಕೋಣೆಯನ್ನು ಅವಳು ನೋಡಿದ್ದು ಒಂದೇ ಸಲ, ಮನೆ ಕೊಂಡ ದಿನ, ಎಲ್ಲ ಖಾಲಿ ಇದ್ದಾಗ. ಬೀದಿಗೆ ತೆರೆಯುವ ಉದ್ದನೆಯ ಕಿಟಕಿ, ಆಚೆ ಮೇಪಲ್ ಮರ. "ಇದು ನಿಂದೇ ಪುಟ್ಟಾ," ಎಂದಿದ್ದ ಅಪ್ಪ. ಆಮೇಲೆ ಚಳಿಗಾಲವಿಡೀ ಅವಳು ಅಲ್ಲಿ ಉಳಿಯಬೇಕಾದ ವಾರಾಂತ್ಯಗಳೆಲ್ಲ ಒಂದಲ್ಲ ಒಂದು ನೆಪಕ್ಕೆ ಬಿದ್ದುಹೋದವು. ಬಣ್ಣ ಒಣಗಿಲ್ಲ, ಕಾರ್ಪೆಟ್ ಬಂದಿಲ್ಲ, ಶೆಲ್ಬಿಗೆ ಜ್ವರ. ಅಪ್ಪ ಅವಳನ್ನು ಪಿಜ್ಜಾ ಅಂಗಡಿಗೆ ಕರೆದೊಯ್ದು, ಹೊಟ್ಟೆತುಂಬ ತಿನ್ನಿಸಿ, ಸಂಜೆಗೆ ವಾಪಸು ಬಿಡುತ್ತಿದ್ದ. ಬ್ರಿಟಾ ದಡ್ಡಿಯೇನಲ್ಲ. ಕಿಟಕಿಗೆ ತನ್ನ ಕೈಯ ಪರದೆಯೊಂದು ಬಿದ್ದರೆ ಕೋಣೆ ತನ್ನದಾಗುತ್ತದೆ, ಆಮೇಲೆ ನೆಪ ಹೇಳಲು ಯಾರಿಗೂ ಬಾಯಿ ಬಾರದು ಎಂದು ಅವಳ ಎಣಿಕೆ. ಅದಕ್ಕೇ ಮಾದರಿಯ ಜೊತೆಗೆ ನಿಜವಾದ ಪರದೆಯನ್ನೂ ಹೊಲಿಯುವುದೆಂದು ನಿಶ್ಚಯಿಸಿದಳು.

ಅಪ್ಪನಿಗೆ ಫೋನು ಮಾಡಿ, ನನ್ನ ಕೋಣೆಯ ಕಿಟಕಿಯ ಅಳತೆ ಬೇಕು ಎಂದಳು. "ತಡಿ, ಟೇಪ್ ಹುಡುಕ್ತೀನಿ," ಎಂದ. ಮರದ ಮೆಟ್ಟಿಲು ಕಿರುಗುಟ್ಟುವುದು ಫೋನಿನಲ್ಲಿ ಕೇಳಿತು. ಹತ್ತುತ್ತಿದ್ದಾನೆ ಎಂದುಕೊಂಡಳು. "ಬರ್ಕೋ. ನಲವತ್ತು, ಇಪ್ಪತ್ತು."

ಬ್ರಿಟಾ ಅದನ್ನೇ ಗಟ್ಟಿಯಾಗಿ ಹೇಳಿಕೊಂಡಾಗ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಅಮ್ಮ ಲೊರೀನ್ ತಲೆಯೆತ್ತಿದಳು.

"ಯಾವ್ದು ಅಗಲ ಅಂತ ಕೇಳಿದ್ಯಾ?"

"ಕೇಳೋದೇನು? ಅದು ಉದ್ದ ಕಿಟಕಿ ಅಮ್ಮ. ಅಪ್ಪ ತಿರುಗಾಮುರುಗಾ ಹೇಳಿದಾನೆ ಅಷ್ಟೇ."

"ಹೇಳ್ದೇ ಇರ್ತಾನಾ. ಅವನ ಅಳತೆ ನಂಬ್ಕೊಂಡು ತಂದ ಫ್ರಿಜ್ಜು ಮೂರು ವಾರ ಗ್ಯಾರೇಜಲ್ಲಿ ನಿಂತಿತ್ತು. ಮಹಾರಾಯ ಕೊನೆಗೆ ಗೋಡೆ ಕಡೀತೀನಿ ಅಂತ ಹೊರಟಿದ್ದ."

ಇಬ್ಬರೂ ನಕ್ಕರು. ಅಪ್ಪನ ಮೇಲೆ ಅಮ್ಮ ಸಿಟ್ಟಿಲ್ಲದೆ ನಗುತ್ತಿದ್ದದ್ದು ಇಂಥ ವಿಷಯಗಳಿಗೆ ಮಾತ್ರ. ಬ್ರಿಟಾ ಅಳತೆಯನ್ನು ತಿರುಗಿಸಿ ಬರೆದುಕೊಂಡಳು: ಅಗಲ ಇಪ್ಪತ್ತು ಇಂಚು, ಎತ್ತರ ನಲವತ್ತು. ಕಿಟಕಿ ಇನ್ನೂ ದೊಡ್ಡದಿತ್ತಲ್ಲ ಎನ್ನಿಸಿತು. ಖಾಲಿ ಕೋಣೆಯಲ್ಲಿ ಎಲ್ಲ ದೊಡ್ಡದಾಗಿಯೇ ಕಾಣುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಾದರಿ ಕಟ್ಟುವುದು ಹುಡುಗಾಟವಲ್ಲ. ದೊಡ್ಡ ಕಿಟಕಿಯಲ್ಲಿ ನೀರಿನಂತೆ ಇಳಿಯುವ ಬಟ್ಟೆ ಅಂಗೈಯಗಲದ ಕಿಟಕಿಯಲ್ಲಿ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ. ಹಳೆಯ ಕರವಸ್ತ್ರದ ತೆಳು ಬಟ್ಟೆಯನ್ನು ಅಂಟಿನ ನೀರಲ್ಲಿ ಅದ್ದಿ, ಒಂದೊಂದೇ ನೆರಿಗೆ ಹಿಡಿದು, ಗುಂಡುಸೂಜಿ ಚುಚ್ಚಿ ಒಣಗಿಸಿದಳು. ಬೀದಿಯ ಕಡೆಗೆ ಬಿಳಿಯ ಒಳಪದರ, ಒಳಗಡೆಗೆ ಸಣ್ಣ ನೀಲಿ ಹೂವು. ಚೌಕಟ್ಟಿನ ಹೊರಗೆ ಮೇಪಲ್ ಮರದ ಕೊಂಬೆಯೊಂದನ್ನೂ ತಂತಿಯಲ್ಲಿ ಮಾಡಿಟ್ಟಳು. ಯಾರೂ ಕೇಳಿರಲಿಲ್ಲ.

"ಕಿಟಕಿ ಸ್ವಲ್ಪ ಇಕ್ಕಟ್ಟು ಅನ್ನಿಸಲ್ವೇನಮ್ಮ?" ಎಂದರು ಮಿಸೆಸ್ ಓಡೆಗಾರ್ಡ್.

"ಹಳೇ ಮನೆ ಮಿಸ್."

ಪೂರ್ತಿ ಅಂಕ ಬಂತು. ಮಾದರಿ ಒಂದು ವಾರ ಕಾರಿಡಾರಿನ ಗಾಜಿನ ಕಪಾಟಿನಲ್ಲಿ ಕೂತಿತು.

ಶನಿವಾರ ಬೆಳಿಗ್ಗೆ ಅಮ್ಮ ಅವಳನ್ನು ಅಪ್ಪನ ಮನೆಯ ಮುಂದೆ ಇಳಿಸಿ ಹೋದಳು. ಒಂದು ಕೈಯಲ್ಲಿ ಮಾದರಿ, ಇನ್ನೊಂದು ಕೈಯಲ್ಲಿ ಇಸ್ತ್ರಿ ಮಾಡಿ ಮಡಿಸಿದ ನಿಜದ ಪರದೆ. ಶೆಲ್ಬಿ ಬಾಗಿಲು ತೆಗೆದು ಅಪ್ಪಿಕೊಂಡಳು. ಬ್ರಿಟಾ ಮಹಡಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು.

"ಅಲ್ಲಲ್ಲ ಮರೀ, ಆ ಕಡೆ ಅಲ್ಲ. ಕೆಳಗೆ."

ನೆಲಮಾಳಿಗೆಯಲ್ಲಿ ಹೊಸ ಕಾರ್ಪೆಟ್ಟು ಹಾಸಿತ್ತು. ಮಂಚ ಇತ್ತು, ದೀಪ ಇತ್ತು, ತೆಳು ಗೋಡೆಯ ಹಿಂದೆ ಮನೆ ಬಿಸಿ ಮಾಡುವ ಕುಲುಮೆ ಗುಂಯ್‌ಗುಡುತ್ತಿತ್ತು. ಸೂರಿಗೆ ತಗುಲಿದ ಹಾಗೆ, ಕೈಗೆಟುಕದಷ್ಟು ಮೇಲೆ, ಅಡ್ಡಡ್ಡ ಮಲಗಿದ ಒಂದು ಕಿಟಕಿ. ಅದರಾಚೆ ಹುಲ್ಲಿನ ಬುಡ, ಅಪ್ಪನ ಟ್ರಕ್ಕಿನ ಗಾಲಿ.

"ಹೇಗಿದೆ? ಎಲ್ಲ ನಾನೇ ಮಾಡಿದ್ದು," ಎಂದ ಅಪ್ಪ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು, ಹಾಳಾದ್ದು ಅದೇ. ಮಾದರಿಯನ್ನು ಕೈಗೆತ್ತಿಕೊಂಡು ಆ ಕಡೆ ಈ ಕಡೆ ತಿರುಗಿಸಿದ. "ಅಯ್ಯೋ, ಅಡ್ಡ ಇರೋದನ್ನ ಉದ್ದ ಮಾಡ್ಬಿಟ್ಟಿದೀಯಲ್ಲೇ. ನಲವತ್ತು, ಇಪ್ಪತ್ತು ಅಂತ ಸರಿಯಾಗೇ ಹೇಳಿದ್ನಲ್ಲ. ಯಾವ್ದು ಮೊದ್ಲು ಹೇಳ್ಬೇಕು ಅಂತ ಪರದೆ ಅಂಗಡಿಯವನನ್ನ ಕೇಳಿ ಇಟ್ಕೊಂಡಿದ್ದೆ, ನಿಂಗೆ ತೊಂದ್ರೆ ಆಗ್ಬಾರ್ದು ಅಂತ."

"ಮೇಲಿನ ಕೋಣೆ?"

"ಅದಾ? ಶೆಲ್ಬಿ ಅವಳ ನಡೆಯೋ ಮೆಷಿನ್ ಇಟ್ಕೊಂಡಿದಾಳೆ. ಮರ ನೋಡ್ತಾ ನಡೆದ್ರೆ ಬೇಜಾರಾಗಲ್ವಂತೆ." ಅವನು ತಂತಿಯ ಕೊಂಬೆಯನ್ನು ಬೆರಳಲ್ಲಿ ಮುಟ್ಟಿದ. ಅದೇನೆಂದು ಕೇಳಲಿಲ್ಲ. "ನೀನು ಬರೋದೇ ಅಪರೂಪ ಅಲ್ವಾ ಪುಟ್ಟಾ."

ಬರದ ಹಾಗೆ ನೋಡಿಕೊಂಡದ್ದು ಯಾರು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಂದುಬಿಟ್ಟರೆ ಈ ನೆಲಮಾಳಿಗೆಯೂ ಇಲ್ಲವಾದೀತು ಎಂದು ಹೆದರಿ ನುಂಗಿಕೊಂಡಳು. ಹೆದರಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಅಷ್ಟು ಹೊತ್ತಿಗೆ ಶೆಲ್ಬಿ ಪರದೆ ಬಿಡಿಸಿ, "ಎಷ್ಟು ಚೆನ್ನಾಗಿ ಹೊಲಿದಿದೀಯ. ಅರ್ಧಕ್ಕೆ ಕತ್ತರಿಸಿ ಪಕ್ಕಪಕ್ಕ ಹಾಕಿದ್ರೆ ಆಗೋಗತ್ತೆ ಬಿಡು," ಎಂದು ಕತ್ತರಿ ತಂದಳು. ಅಪ್ಪ ಏಣಿ ಹತ್ತಿ ಸರಳು ಬಡಿದ. ನೆರಿಗೆಯ ಅಂಚು ಹೋಗಿ ಎಳೆ ಬಿಟ್ಟ ಬಟ್ಟೆ ಆ ಸೀಳುಗಿಟಕಿಯ ಮೇಲೆ ತೂಗಿತು. ನೆಲಮಾಳಿಗೆಗೆ ಬರುತ್ತಿದ್ದ ಅಷ್ಟಿಷ್ಟು ಬೆಳಕೂ ಹೋಯಿತು. ಬ್ರಿಟಾ ಥ್ಯಾಂಕ್ಸ್ ಎಂದಳು.

ಭಾನುವಾರ ಅಮ್ಮ ಬಂದಾಗ ಬ್ರಿಟಾ ರಸ್ತೆಯಂಚಿನಲ್ಲಿ ಚೀಲ ಹಿಡಿದು ನಿಂತಿದ್ದಳು. ಕಾರು ತಿರುವು ದಾಟುವವರೆಗೂ ಅಮ್ಮ ತಡೆದುಕೊಂಡಿದ್ದಳು. ಆಮೇಲೆ, ನಗಲು ತಯಾರಾಗಿ, ಕೇಳಿದಳು.

"ಪರದೆ ಕೂತ್ಕೊಂತಾ? ಏನು ಎಡವಟ್ಟು ಮಾಡಿದ್ದ ಅವನು?"

ಹೇಳಿದ್ದರೆ ಅಮ್ಮ ಕಾರು ತಿರುಗಿಸುತ್ತಿದ್ದಳು. ಬೀದಿ ಪೂರಾ ಕೇಳುವ ಹಾಗೆ ಜಗಳವಾಗುತ್ತಿತ್ತು, ಅಮ್ಮ ಗೆಲ್ಲುತ್ತಿದ್ದಳು. ಬ್ರಿಟಾ ಕಿಟಕಿಯ ಆಚೆ ನೋಡುತ್ತ ಕೂತಳು.

"ಏನೂ ಇಲ್ಲ ಅಮ್ಮ," ಎಂದಳು. "ಈ ಸಲ ಅಪ್ಪ ಸರಿಯಾಗೇ ಅಳೆದಿದ್ದ."