ಉಮಾವತಿಯವರು ಸ್ಪಂಜು ತೊಳೆದರು

೧
ಕಥೆಯನ್ನು ಮೀನಿನಿಂದ ಶುರು ಮಾಡಲೇ, ಗಾಜಿನ ತೊಟ್ಟಿಯಿಂದಲೇ? ಮೀನು ಎಂದ ಕೂಡಲೇ ವಿಮರ್ಶಕರು ಅರ್ಥ ಹುಡುಕಲು ಮುಗಿಬೀಳುತ್ತಾರೆ. ಹಾಗಾಗಿ ಬಕೆಟ್‌ನಿಂದ ಶುರು ಮಾಡುತ್ತೇನೆ.

ನೆರೂಳದ ಒಂದು ಫ್ಲ್ಯಾಟು, ಬಾತ್‌ರೂಮು, ನೀಲಿ ಬಕೆಟ್ಟು. ಅದರಲ್ಲಿ ಒಂದು ಮುದಿ ಗೋಲ್ಡ್‌ಫಿಶ್. ಪಕ್ಕದಲ್ಲಿ ಸೆಕೆಂಡ್‌ಹ್ಯಾಂಡ್ ಅಕ್ವೇರಿಯಂ ತಿಕ್ಕುತ್ತ ಕೂತವರು ಉಮಾವತಿ. ಉಡುಪಿ ಕಡೆಯವರು, ಗಂಡನ ಹೋಟೆಲಿನ ಅಡುಗೆಮನೆಯನ್ನು ವರ್ಷಗಟ್ಟಲೆ ಫಳಫಳ ಹೊಳೆಸಿದವರು.

೨
ಅದನ್ನು ಮಾರಿದವನು ಠಾಕುರ್ಲಿಯಲ್ಲಿರುವ ಅಂಬಾದಾಸ, ಮೂಲ ಕಲಬುರಗಿಯವನು. ಅವನ ಬಿಲ್ಡಿಂಗ್, ಕೆಡವಿ ಹೊಸದು ಕಟ್ಟಲೆಂದು, ರೀಡೆವಲಪ್‌ಮೆಂಟಿಗೆ ಹೋಯಿತು. ಬಾಡಿಗೆ ಖೋಲಿಯಲ್ಲಿ ತೊಟ್ಟಿಗೆ ಜಾಗವಿಲ್ಲ. ತೊಟ್ಟಿ, ಮೋಟರು, ಫಿಲ್ಟರು ಮಾರಿದ. ಮೀನನ್ನು ಮಾತ್ರ ಸಾಕಲು ಕೊಟ್ಟ, ಭಾನುವಾರ ನೋಡಲು ಬರುತ್ತೇನೆಂದ. ಅವನ ಮಕ್ಕಳು ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾರೆ. ಮೀನು ಉತ್ತರವನ್ನೇ ಕೊಡುವುದಿಲ್ಲ, ಆದ್ದರಿಂದ ಅದಕ್ಕೆ ಕನ್ನಡ ಬರುತ್ತದೆಂದು ಅವನ ನಂಬಿಕೆ.

೪
(ಮೂರು ಎಲ್ಲಿ ಎಂದು ಕೇಳಬೇಡಿ.)
ಗಾಜಿನ ಬಿಳಿ ಕಲೆಗೆ ಉಮಾವತಿ ವಿನೆಗರ್ ಹಚ್ಚಿದರು, ಹೋಯಿತು. ಮೋಟರಿನ ಪಾಚಿಯನ್ನು ಹಳೆ ಟೂತ್‌ಬ್ರಶ್ಶಿನಿಂದ ಕೆರೆದರು, ಅದೂ ಹೋಯಿತು. ಆಮೇಲೆ ಫಿಲ್ಟರಿನ ಕಂದು ಸ್ಪಂಜನ್ನು ಮೂಗು ಮುಚ್ಚಿ ಎತ್ತಿ, ಕುದಿನೀರಿನಲ್ಲಿ ಅದ್ದಿ, ಹಿಂಡಿ, ಬಿಸಿಲಿಗೆ ಹಾಕಿದರು. ಸ್ಪಂಜು ಹೊಸದಾಯಿತು. (ಚಪ್ಪಾಳೆ ಬೇಡ.)

ತೊಟ್ಟಿಗೆ ಹೊಸ ನೀರು ತುಂಬಿ ಮೀನನ್ನು ಬಿಟ್ಟರು. ಶನಿವಾರದ ಹೊತ್ತಿಗೆ ಅದು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ನೀರನ್ನು ಶುದ್ಧವಾಗಿಡುವ ಸೂಕ್ಷ್ಮಜೀವಿಗಳು ಇದ್ದದ್ದು ಸ್ಪಂಜಿನ ಆ ಹೊಲಸಿನಲ್ಲೇ.

೩
ಸಿಕ್ಕಿತು. ಮೊದಲ ಡ್ರಾಫ್ಟಿನಲ್ಲಿ ಅಂಬಾದಾಸ ಹೇಳಿದ್ದ: "ಅಕ್ಕಾರ, ಸ್ಪಂಜ್ ಒಂದು ತೊಳೀಬ್ಯಾಡ್ರಿ. ನಾ ಯಾವತ್ತೂ ತೊಳದಿಲ್ಲ."

ಅದು ವಿಜ್ಞಾನವಲ್ಲ, ಅಪ್ಪಟ ಸೋಮಾರಿತನ. ಕಥೆ ಬಿಗಿಯಾಗಲಿ ಎಂದು ಆ ಮಾತನ್ನು ನಾನೇ ಕತ್ತರಿಸಿದೆ. ಕಥೆ ಎಷ್ಟು ಕ್ಲೀನ್ ಆಯಿತೆಂದರೆ, ಆ ಮಾತು ಉಮಾವತಿಯವರ ಕಿವಿಗೇ ಬೀಳಲಿಲ್ಲ.

"ಅದನ್ನು ನನಗೆ ಹೇಳ್ಬೇಕಿತ್ತಲ್ಲ ಮಾರಾಯ್ರೆ," ಎಂದರು ಅವರು. ನನ್ನಲ್ಲಿ ಎರಡು ಅಂತ್ಯಗಳಿದ್ದವು, ಅವನ್ನೇ ಮುಂದಿಟ್ಟೆ.

ಅಂತ್ಯ ಒಂದು: ಮೀನು ಸಾಯುತ್ತದೆ, ಅಂಗಡಿಯಿಂದ ಅಂಥದೇ ಇನ್ನೊಂದು ತಂದಿಡುತ್ತೇವೆ, ಅಂಬಾದಾಸ ಅದರೊಂದಿಗೆ ಮಾತಾಡಿ ಹೋಗುತ್ತಾನೆ. ಆ ಮನುಷ್ಯನಿಗೆ ಮೋಸ ಮಾಡಲಾರೆ ಎಂದರು ಉಮಾವತಿ.

ಅಂತ್ಯ ಎರಡು: ಪವಾಡ. ಇದನ್ನು ಓದಿ ಹೇಳುವಾಗ ನನಗೇ ನಗು ಬಂತು.

"ಕಥೆ ಆಮೇಲೆ ಬರೀರಿ," ಎಂದರು ಉಮಾವತಿ. "ಮೊದಲು ನೀರು ಬದಲಿಸುವ. ಆ ಬಕೆಟ್ ಹಿಡೀರಿ."

೫
ಹಿಡಿದಿದ್ದೇನೆ. ಅರ್ಧ ನೀರು ಹೊರಗೆ, ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರು ಒಳಗೆ, ಮತ್ತೆ ಅರ್ಧ ಹೊರಗೆ. ನನ್ನ ಪ್ಯಾಂಟು ಒದ್ದೆ, ಸೊಂಟ ಹೋಗಿದೆ. ಮೀನು ಇನ್ನೂ ಬಾಯಿ ಬಿಡುತ್ತಿದೆ. ಸಾಯುತ್ತಿದೆಯೋ ಚೇತರಿಸಿಕೊಳ್ಳುತ್ತಿದೆಯೋ, ಬರೆಯುತ್ತಿರುವ ನನಗೇ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಹೆದರಿಕೆಯಾಗುತ್ತಿದೆ.

ಇವತ್ತು ಭಾನುವಾರ. ಬೆಲ್ ಆಯಿತು. ಬಾಗಿಲು ತೆರೆಯುವ ತನಕ ಕಾಯಲಾರದೆ ಅಂಬಾದಾಸ ಹೊರಗಿನಿಂದಲೇ ಮೀನನ್ನು ಮಾತಾಡಿಸುತ್ತಿದ್ದಾನೆ: "ಏನ್ ಮಾಡ್ಲಾಕತ್ತಿ ಮಗಾ? ಉಂಡ್ಯಾ?"

ಉಮಾವತಿಯವರ ಕೈ ತೊಟ್ಟಿಯೊಳಗಿದೆ. ನನ್ನ ಎರಡು ಕೈಯಲ್ಲೂ ಬಕೆಟ್. ಓದುಗರೇ, ನೀವು ಆಗಿನಿಂದ ಸುಮ್ಮನೆ ಕೂತಿದ್ದೀರಿ. ಹೋಗಿ, ಬಾಗಿಲು ತೆಗೆದು ಅವನಿಗೆ ಏನಾದರೂ ಹೇಳಿ.